ಗೌರಿಗೊಂದು ಅರಮನೆ

ಮರಗೆಲಸದಲ್ಲಿ ನನ್ನನ್ನು ಮೀರಿಸುವವರು ಯಾದವಗಿರಿಯಲ್ಲಿ ಯಾರೂ ಇಲ್ಲ. ಇದು ನನ್ನ ಮಾತಲ್ಲ. ನಾನು ಹೇಳಿ ಹೇಳಿ ಬೀದಿಯವರು ಒಪ್ಪಿಕೊಂಡ ಮಾತು. ನವರಾತ್ರಿಯಲ್ಲಿ ಯಾರ ಮನೆಯ ಗೊಂಬೆ ಮೆಟ್ಟಿಲು ಅಲ್ಲಾಡಿದರೂ ನನ್ನ ಬಾಗಿಲಿಗೇ ಬರುತ್ತಾರೆ. ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಬಿರುದು ಅದೊಂದೇ: ಮೆಟ್ಟಿಲು ಮೂರ್ತಿ.

ಹಾಗಾಗಿ ಎದುರುಮನೆಯ ಸಿಂಧು ಬಂದು ಕೋತಿಯ ವಿಷಯ ಎತ್ತಿದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು.

ಸಿಂಧು ಪಶುವೈದ್ಯೆ. ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಕೇಂದ್ರವೊಂದರಲ್ಲಿ, ಊರಾಚೆ, ಅವಳಿಗೆ ಕೆಲಸ. ಯಾವುದೋ ಪ್ರಯೋಗಾಲಯದಿಂದ ಅಲ್ಲಿಗೆ ಗೌರಿ ಎಂಬ ಮುದಿ ಕೋತಿ ಬಂದಿತ್ತು. ಆಯಸ್ಸೆಲ್ಲ ಪಂಜರದಲ್ಲೇ ಸವೆಸಿದ ಜೀವ. ಕಾಡಿಗೆ ಬಿಟ್ಟರೆ ಬದುಕುವುದಿಲ್ಲ.

"ಊಟಕ್ಕೇನೂ ಕೊರತೆ ಇಲ್ಲ ಅಂಕಲ್, ಮಾಡೋಕೆ ಕೆಲಸ ಇಲ್ಲ ಅಷ್ಟೆ" ಎಂದಳು ಸಿಂಧು. "ಬೇಜಾರಿಗೆ ಎಡಗೈ ಕೂದಲೆಲ್ಲ ತಾನೇ ಕಿತ್ಕೊಂಡಿದಾಳೆ. ಈಗ ಚರ್ಮ ಕೆರೆಯೋಕೆ ಶುರು ಮಾಡಿದಾಳೆ, ಅದೇ ಭಯ ನಂಗೆ. ಕಾಡಲ್ಲಾದ್ರೆ ದಿನವಿಡೀ ಹುಡುಕಿ, ಬಿಡಿಸಿ ತಿನ್ಬೇಕಲ್ವಾ? ಇಲ್ಲೂ ಊಟಾನ ಸ್ವಲ್ಪ ಕಷ್ಟಪಟ್ಟು ತಿನ್ನೋ ಹಾಗೆ ಮಾಡ್ಬೇಕು. ಒಂದು ಬಿದಿರಿನ ಬೊಂಬಿಗೆ ನಾಲ್ಕು ತೂತು ಕೊರ್ದು ಕೊಡಿ, ಕಡಲೆಕಾಯಿ ತುಂಬಿಡ್ತೀವಿ."

ಬಿದಿರಿನ ಬೊಂಬು. ನಾಲ್ಕು ತೂತು. ಅದೂ ಮೆಟ್ಟಿಲು ಮೂರ್ತಿಗೆ!

"ನೀನು ನಡಿಯಮ್ಮ, ನಾನು ನೋಡ್ಕೋತೀನಿ" ಎಂದೆ.

ನೋಡಿಕೊಂಡೆ. ಶೆಡ್ಡಿನಲ್ಲಿ ಐದಂತಸ್ತಿನ ಅರಮನೆ ಎದ್ದಿತು. ಮೇಲೆ ಮೂರು ಗುಮ್ಮಟ. ಕೋತಿ ಕಚ್ಚೀತೆಂದು ಮೊಳೆಯಿಲ್ಲ, ಬಣ್ಣವಿಲ್ಲ. ಇಡೀ ಕಟ್ಟಡ ಮರದ ಬೆಣೆಗಳ ಮೇಲೆ ನಿಂತಿತ್ತು. ಹಿಂಬದಿಯ ಬೆಣೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಎಳೆದರೆ ಕಡಲೆಕಾಯಿ ಅಂತಸ್ತಿನಿಂದ ಅಂತಸ್ತಿಗೆ ಇಳಿದು ಕೆಳಗಿನ ಕೋಣೆಗೆ ಬೀಳುತ್ತದೆ. ಮುಂಬದಿಯಲ್ಲಿ ದುಂಡನೆಯ ತೂತು. ಅದರಲ್ಲಿ ಕೈ ಹಾಕಿ ತೆಗೆದುಕೊಳ್ಳಬೇಕು. ತೂತಿನ ಅಳತೆಗೆ ನನ್ನ ಹೆಂಡತಿ ವಿಮಲಳ ಬಳೆಯೊಂದನ್ನು ಇಟ್ಟು ಗೆರೆ ಎಳೆದಿದ್ದೆ.

ವಿಮಲ ಗುಮ್ಮಟಗಳನ್ನು ನೋಡಿದಳು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ. ಅಲ್ಲ ರೀ, ಊಟಕ್ಕೆ ಕರೆದು, ಎಲೆ ಹಾಕಿ, ಅನ್ನಕ್ಕೆ ಬೀಗ ಹಾಕೋದು ಯಾವೂರ ಉಪಚಾರ?"

"ಇದು ವಿಜ್ಞಾನ ಕಣೇ."

"ಆ ವಿಜ್ಞಾನಾನ ನಾಳೆ ನಿಮ್ಮ ತಟ್ಟೆಗೂ ಮಾಡ್ತೀನಿ, ಇರಿ."

ಅವಳ ತಪ್ಪೇನೂ ಇಲ್ಲ. ನಮ್ಮ ಮನೆಯಲ್ಲಿ ಉಣ್ಣುವವರು 'ಸಾಕು' ಎಂದರೆ ಇನ್ನೆರಡು ಸೌಟು ಎಂದೇ ಅರ್ಥ. ಅತಿಥಿಯನ್ನು ದುಡಿಸಿ ಉಣಿಸುವ ಪದ್ಧತಿ ಅವಳ ಗಂಟಲಲ್ಲಿ ಇಳಿಯಲಿಲ್ಲ.

ಮೊದಲ ಪರೀಕ್ಷೆಗೆ ಪಕ್ಕದ ಮನೆಯ ನರಸೇಗೌಡರನ್ನು ಕೂರಿಸಿದೆ. ಅವರು ಕಾಫಿ ಆರುವ ತನಕ ತಿಣುಕಿ ಕೈಚೆಲ್ಲಿದರು. "ಬುಡಿ ಮೂರ್ತಿಗಳೇ, ಇದ್ರಿಂದ ಒಂದ್ ಕಡ್ಲೇಕಾಯ್ ಈಚೆಗ್ ಬರೋ ಒತ್ಗೆ ಒಲದಲ್ಲಿ ಒಂದ್ ಬೆಳೆ ತಕ್ಕಬೋದು."

ಇದನ್ನು ನಾನು ಪ್ರಶಂಸೆ ಎಂದು ಸ್ವೀಕರಿಸಿದೆ.

ಭಾನುವಾರ ಅರಮನೆಯನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು, ವಿಮಲಳೊಡನೆ ಕೇಂದ್ರಕ್ಕೆ ಸವಾರಿ ಹೊರಟೆ. ಜಂಬೂಸವಾರಿಗಿಂತ ಒಂದು ಆನೆ ಮಾತ್ರ ಕಡಿಮೆ. ಗೌರಿಯ ಪಂಜರದ ಮುಂದೆ ಇಳಿಸಿದಾಗ ಒಂದು ಸಣ್ಣ ಸಂಗತಿ ಬೆಳಕಿಗೆ ಬಂತು. ಅರಮನೆ ಪಂಜರದ ಬಾಗಿಲಲ್ಲಿ ಹೋಗುವುದಿಲ್ಲ. ನಾನು ಅಳತೆ ತೆಗೆದದ್ದು ಬಳೆಯದು, ಬಾಗಿಲಿನದಲ್ಲ.

"ಗುಮ್ಮಟ ತೆಗೀಬಹುದಾ ಅಂಕಲ್?" ಎಂದಳು ಸಿಂಧು.

"ಅರಮನೆಗೆ ಗುಮ್ಮಟ ಇಲ್ದೆ ಹೇಗಮ್ಮ?"

ಕೊನೆಗೆ ಅದನ್ನು ಹೊರಗಿನಿಂದಲೇ ಜಾಲರಿಗೆ ಒತ್ತಿ ನಿಲ್ಲಿಸಿದೆವು. ಬೆಣೆಗಳ ಕಡೆ ಗೌರಿಗೆ, ತೂತಿನ ಕಡೆ ನಮಗೆ. ಗೌರಿ ಬಂದು ನೋಡಿದಳು, ಮೂಸಿದಳು. ಆಮೇಲೆ ಮೂಲೆಗೆ ಹೋಗಿ ನಮಗೆ ಬೆನ್ನು ಹಾಕಿ ಕುಳಿತು ಎಡಗೈ ಕೆರೆಯತೊಡಗಿದಳು. ಆ ಕೈ ಬೋಳು ಬೋಳಾಗಿ, ಅಲ್ಲಲ್ಲಿ ಕೆಂಪಾಗಿತ್ತು. ಅಲ್ಲಿಯವರೆಗೆ ನನಗೆ ನನ್ನ ಅರಮನೆಯದೇ ಚಿಂತೆ. ಆ ಕೈ ನೋಡಿದ ಮೇಲೆ ಅಂಗಿಯ ತೋಳು ಮಡಚಿ ತೂತಿನ ಮುಂದೆ ಕುಳಿತೆ.

"ಒಳಗೆ ತಿಂಡಿ ಇದೆ ಅಂತ ಪಾಪ ಅದಕ್ಕೆ ಗೊತ್ತಿಲ್ಲ, ತೋರಿಸ್ತೀನಿ" ಎಂದು, ಬಳೆ ತೊಡುವ ಹೆಂಗಸಿನಂತೆ ಬೆರಳು ಮಡಚಿ, ತೂತಿನೊಳಗೆ ಕೈ ತೂರಿಸಿದೆ. ರುಚಿ ತೋರಿಸಲೆಂದು ಕೆಳಗಿನ ಕೋಣೆಯಲ್ಲಿ ನಾನೇ ಮೊದಲೇ ಇಟ್ಟಿದ್ದ ಕಡಲೆಕಾಯಿಯ ಬದಲು ಮೆತ್ತಗೆ, ದಪ್ಪಗೆ ಏನೋ ಸಿಕ್ಕಿತು. ಹಿಡಿದೆ. ಎಳೆದೆ. ಕೈ ಬರಲಿಲ್ಲ.

"ಇದೇನೇ ಇದು ಒಳಗೆ?"

"ಬೇಯಿಸಿದ ಗೆಣಸು" ಎಂದಳು ವಿಮಲ. "ಸಿಂಧುನ ಕೇಳಿಯೇ ತಂದೆ. ಆಟೋದಲ್ಲಿ ನೀವು ತೂಕಡಿಸ್ತಿದ್ದಾಗ ಕೆಳಗಿನ ಕೋಣೆಲೇ ಇಟ್ಬಿಟ್ಟೆ. ಮುದುಕಿ, ಬೆಣೆ ಎಳೀತಾ ಕೂರಬೇಕಾ?"

"ಅಂಕಲ್, ಗೆಣಸು ಬಿಡಿ, ಕೈ ಬರುತ್ತೆ."

ಕುಡಿಕೆಯಲ್ಲಿ ಕೈ ಹಾಕಿ, ಕಾಳು ಹಿಡಿದ ಮುಷ್ಟಿ ಬಿಡದೆ ಸಿಕ್ಕಿಬಿದ್ದ ಕೋತಿಯ ಕಥೆಯನ್ನು ನಮ್ಮಜ್ಜಿ ಎಷ್ಟು ಸಲ ಹೇಳಿದ್ದರೋ. ಪ್ರತಿ ಸಲವೂ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಈಗ ಗೆಣಸು ಬಿಟ್ಟರೆ ಪ್ರದರ್ಶನ ಸೋತಂತೆ ಎಂದುಕೊಂಡು ಹಿಡಿದೇ ಎಳೆದೆ. ಆಮೇಲೆ ಬಿಟ್ಟೆ, ಅಷ್ಟರಲ್ಲಿ ಮಣಿಕಟ್ಟು ಬಾತಿತ್ತು. ವಿಮಲ ಸೋಪು ನೀರು ತರಲು ಓಡಿದಳು. ನಾನು ಅರಮನೆಯನ್ನು ತಬ್ಬಿಕೊಂಡು, ಒಂದು ಕಾಲನ್ನು ಅದರ ಗೋಡೆಗೇ ಊರಿ ಜಗ್ಗತೊಡಗಿದೆ.

"ಅಂಕಲ್, ಅಲ್ಲಾಡಬೇಡಿ" ಎಂದು ಸಿಂಧು ಪಿಸುಗುಟ್ಟಿದಳು. "ಗೌರಿ ಬಂದ್ಲು."

ಗೌರಿ ಜಾಲರಿಗೆ ಮೂಗು ಒತ್ತಿ ಕುಳಿತು ನನ್ನನ್ನೇ ನೋಡುತ್ತಿದ್ದಳು. ಹುಬ್ಬು ಮೇಲೇರಿತ್ತು. ಕೆರೆಯುವುದು ಮರೆತೇ ಹೋಗಿತ್ತು. ಆಮೇಲೆ ಆ ಎಡಗೈಯನ್ನೇ ಜಾಲರಿಯಿಂದ ಈಚೆ ಚಾಚಿ ಒಂದು ಬೆಣೆ ಎಳೆದಳು.

ಎಲ್ಲಕ್ಕಿಂತ ಕೆಳಗಿನದು.

ಐದಂತಸ್ತೂ ಒಂದರ ಮೇಲೊಂದು ಕುಸಿದವು. ಕಡಲೆಕಾಯಿ ನನ್ನ ತಲೆಯ ಮೇಲೆ ಸುರಿಯಿತು. ಗುಮ್ಮಟವೊಂದು ಮಡಿಲಿಗೆ ಬಿತ್ತು. ಗೆಣಸು ಉರುಳಿ ಜಾಲರಿಯ ಅಡಿ ಸೇರಿತು. ಗೌರಿ ಅದನ್ನು ಎತ್ತಿಕೊಂಡು, ನನ್ನಿಂದ ಕಣ್ಣು ಕೀಳದೆ, ನಿಧಾನವಾಗಿ ಸಿಪ್ಪೆ ಸುಲಿದು ತಿಂದಳು. ನನ್ನ ಕೈಯಲ್ಲಿ ಉಳಿದದ್ದು ದುಂಡು ತೂತಿನ ಒಂದು ಹಲಗೆ. ಸೋಪು ಹಚ್ಚಿ ಅದನ್ನು ಕಳಚುವ ತನಕ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಇಷ್ಟು ಹೊತ್ತು ಕೈ ಕೆರೀದೆ ಕೂತಿದ್ದು ಇದೇ ಮೊದಲು ಅಂಕಲ್" ಎಂದ ಸಿಂಧುವಿನ ಕಣ್ಣು ತೇವವಾಗಿತ್ತು. "ಮುಂದಿನ ವಾರಾನೂ ಬರ್ತೀರಾ?"

"ಬರ್ತೀನಮ್ಮ. ಅರಮನೆ ಗಟ್ಟಿ ಮಾಡಿ ತರ್ತೀನಿ."

"ಅರಮನೆ ಬೇಡ. ನೀವೊಬ್ರೇ ಸಾಕು."

ಹೋದೆ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡೇ ಹೋದೆ. ವಿಮಲ ಮಾತ್ರ ಯಾರಿಗೂ ಹೇಳದೆ ಒಂದು ಬಿದಿರಿನ ಬೊಂಬು ತಂದಿದ್ದಳು, ನಾಲ್ಕು ತೂತಿನದು. ಗೌರಿ ನನ್ನನ್ನು ಒಮ್ಮೆ ನೋಡಿ, ತಲೆಯಿಂದ ಕಾಲಿನವರೆಗೆ ಅಳೆದು, ಮುಖ ತಿರುಗಿಸಿ ಬೊಂಬು ಹಿಡಿದು ಕುಳಿತಳು. ನಾವು ಹೊರಡುವಾಗಲೂ ಕಡಲೆಕಾಯಿ ಕೆದಕುತ್ತಲೇ ಇದ್ದಳು. ಬೋಳು ಕೈಯಲ್ಲಿ ಕೆಂಪು ಇಳಿದಿತ್ತು.

"ಬೇಜಾರು ಮಾಡ್ಕೋಬೇಡಿ ಅಂಕಲ್. ಒಂದೇ ವಸ್ತು ಇಟ್ರೆ ಬೇಗ ಹಳೇದಾಗ್ಬಿಡುತ್ತೆ" ಎಂದು ಸಿಂಧು ಸಮಾಧಾನ ಹೇಳಿದಳು.

ವಿಮಲ ಸೆರಗು ಕೊಡವಿ ಎದ್ದಳು. "ಆ ಕೋತಿಗೆ ನಿಮ್ಮ ಮೇಲೆ ಬೇಜಾರು ಬರೋಕೆ ಒಂದು ವಾರ ಹಿಡೀತು ನೋಡಿ. ನನಗಿಂತ ತಾಳ್ಮೆ ಜಾಸ್ತಿ."