ಒಂದೇ ಕೈ ಸಾಕೆಂದು ಬರೆದವರಿಗೆ

ಕ್ಷಣಾರ್ಧದಲ್ಲಿ ಕೂಡಿಕೊಂಡು ಕ್ಷಣಾರ್ಧದಲ್ಲಿ ಕಳಚಿಕೊಳ್ಳುವ ಪೈಪು ಕಪ್ಲಿಂಗುಗಳ ಕಂಪನಿಯಲ್ಲಿ ಕ್ಯಾಟಲಾಗು ಬರೆಯುವ ಮಾನ್ಯರೇ,

ತಮಗೂ, ತಮ್ಮ ಕ್ಯಾಟಲಾಗಿನ ಹದಿನೇಳನೆಯ ಪುಟದಲ್ಲಿ ಬಿಳಿ ಅಂಗಿ ತೊಟ್ಟು, ಎಡಗೈಯನ್ನು ಜೇಬಿನಲ್ಲಿಟ್ಟು, ಬಲಗೈಯೊಂದರಿಂದಲೇ ಪೈಪು ಜೋಡಿಸುತ್ತ ನಗುತ್ತಿರುವ ಮಹನೀಯರಿಗೂ ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್ ಊರಿನ ನನ್ನ ಗ್ಯಾರೇಜಿನಿಂದ ಅನಂತ ವಂದನೆಗಳು. ಆ ಅಂಗಿಯ ಮೇಲೆ ಒಂದು ಹನಿಯೂ ಬಿದ್ದಿಲ್ಲವೆಂದು ಭೂತಗನ್ನಡಿ ಹಿಡಿದು ಖಚಿತಪಡಿಸಿಕೊಂಡ ಮೇಲೆಯೇ ಈ ಪತ್ರ ಬರೆಯಲು ಕೂತಿದ್ದೇನೆ.

ಮನೆಯಲ್ಲೇ ಬಿಯರ್ ಮಾಡುವ ಹದಿನಾಲ್ಕು ಮಂದಿಯ ಸಂಘವೊಂದು ನಮ್ಮೂರಿನಲ್ಲಿದೆ. ಫೆಬ್ರುವರಿಯಲ್ಲಿ ಕುದಿಸಿದ ಬಾಕ್ ಎಂಬ ಗಟ್ಟಿ ಬಿಯರನ್ನು ಏಪ್ರಿಲ್‌ನ ಒಂದು ಶನಿವಾರ ಒಬ್ಬೊಬ್ಬರೂ ಪೀಪಾಯಿ ಸಮೇತ ತಂದಿಡಬೇಕು, ಮತ್ತು ಬೇರೆಯವರ ಕೈ ತಗುಲಿದ ಬಿಯರಿಗೆ ಒಬ್ಬನ ಹೆಸರು ಬರೆಯುವಂತಿಲ್ಲ. ಈ ನಿಯಮ ಮಾಡಿದವನು ನನ್ನ ಪಕ್ಕದ ಮನೆಯ ಲಾವರ್ನ್ ಕಾಸ್ಡಾರ್ಫ್. ಮೂವತ್ತೊಂದು ವರ್ಷ ಒಮ್ಮೆಯೂ ತಪ್ಪಿಸದೆ ಪೀಪಾಯಿ ತಂದವನು. ಎರಡು ವರ್ಷದಿಂದ ಅವನ ಕೈ ನಡುಗುತ್ತದೆ. ಬಿಯರ್ ಕುದಿಸುವ ಹಂಡೆಯಿಂದ ಹೊರಡುವ ಪೈಪಿನ ಕ್ಲಿಪ್ಪು ಬಿಗಿಯಲು ಸ್ಕ್ರೂಡ್ರೈವರ್ ಹಿಡಿದರೆ ಅದು ಸ್ಕ್ರೂ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮುಟ್ಟಿ ಬರುತ್ತದೆ. ನಿಯಮ ಸಡಿಲಿಸೋಣವೆಂದರೆ, "ಬೇಡಪ್ಪಾ, ನಾನೇ ಎಳ್ದ ಗೆರೆ, ನಾನೇ ದಾಟ್ಲಾ? ಆಗ್ದಿದ್ರೆ ಹಂಡೆ ಮಾರ್ಬಿಡ್ತೀನಿ, ಅಷ್ಟೇ ತಾನೆ" ಎಂದ. ಅಷ್ಟೇ ಅಲ್ಲ, ಮಾನ್ಯರೇ. ಅವನು ಹಂಡೆ ಮಾರಿದರೆ ನಾನು ಬೇಲಿಯಾಚೆ ನೋಡಿ ಯಾರನ್ನು ಬೈಯಲಿ? ಆದ್ದರಿಂದಲೇ ಅವನಿಗೆ ಹೇಳದೆ, ನನ್ನ ಹಂಡೆಗೇ ಮೊದಲು ಹಾಕಿ ನೋಡೋಣವೆಂದು "ಒಂದೇ ಕೈ ಸಾಕು" ಎಂಬ ತಮ್ಮ ಅಮೃತವಾಣಿಗೆ ಶರಣಾದೆ.

ಅರ್ಧ ಇಂಚು ಎಂದರೆ ಪೈಪಿನ ಒಳಗಿನ ಅಳತೆಯೋ ಹೊರಗಿನದೋ ಎಂದು ಫೋನಿನಲ್ಲಿ ಕೇಳಿದಾಗ ತಮ್ಮ ಕಚೇರಿಯವರು "ಎರಡೂ ಸರ್, ಯಾವ್ದು ಯಾವ್ದಕ್ಕೆ ಅಂತ ನೀವೇ ನೋಡ್ಕೋಬೇಕು" ಎಂದು ಅರುಹಿ ನನ್ನ ಅಜ್ಞಾನವನ್ನು ನೀಗಿದರು. ಮೊದಲು ಬಂದದ್ದು ಒಳಗೆ ತಾನೇ ಮುಚ್ಚಿಕೊಳ್ಳುವ ಬಾಗಿಲಿದ್ದ ಕಪ್ಲಿಂಗು. ಒಂದು ಹನಿಯೂ ಚೆಲ್ಲದೆಂದು ತಾವು ಬರೆದದ್ದು ಅಕ್ಷರಶಃ ನಿಜ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಚರಟ ಆ ಬಾಗಿಲಿಗೆ ಅಡ್ಡ ಕೂತು, ಒಂದು ಹನಿಯೂ ಚೆಲ್ಲಲಿಲ್ಲ, ಒಂದು ಹನಿಯೂ ಆಚೆಗೆ ಹೋಗಲೂ ಇಲ್ಲ. ಎರಡನೆಯದು ಕಿವಿಗಳಂತೆ ಚಾಚಿದ ಎರಡು ಹಿಡಿಗಳನ್ನು ಒಟ್ಟಿಗೆ ಮಡಚಬೇಕಾದ ಮಾದರಿ. ಕುದಿಯುವ ಕಷಾಯ ಹರಿದ ಮೇಲೆ ಆ ಕಿವಿಗಳನ್ನು ಮುಟ್ಟಿದವನು ತನ್ನ ಕಿವಿ ಹಿಡಿದುಕೊಳ್ಳುತ್ತಾನೆ, ಆಗ ಎರಡು ಕೈಯೂ ಬೇಕೇ ಬೇಕು. ಮೂರನೆಯದಕ್ಕೆ ಹೊರಗಿನ ಬಳೆಯನ್ನು ಹಿಂದಕ್ಕೆಳೆದು ಪೈಪನ್ನು ಮುಂದಕ್ಕೊತ್ತಬೇಕು. ಎಡಗೈಯನ್ನು ಜೇಬಿನಲ್ಲಿಟ್ಟು ಅಡುಗೆಮನೆಯ ಸಿಂಕಿನಲ್ಲಿ ನಾನು ಮಾಡಿದ ಅಭ್ಯಾಸವನ್ನು ಕಂಡ ನನ್ನ ಹೆಂಡತಿ ಆರ್ಲೀನ್, "ಮಕ್ಳಿಗೆ ಚಳಿಗಾಲದ ಬೂಟು ಹಾಕೋವಾಗ್ಲೂ ನೀನು ಇಷ್ಟು ಒದ್ದಾಡಿರ್ಲಿಲ್ಲ" ಎಂದು ನೆಲ ಒರೆಸುವ ಬಟ್ಟೆಯನ್ನು ನನ್ನ ಹೆಗಲ ಮೇಲೆ ಹಾಕಿ ಹೋದಳು.

ಆದರೂ ಛಲ ಬಿಡದೆ ಆ ಮೂರನೆಯದನ್ನೇ ಹಂಡೆಗೆ ಹಾಕಿ ಒಂದು ಪಾಕ ಇಳಿಸಿದೆ. ಕೂಡುವಾಗ ಕೂಡಿತು. ಕಳಚುವ ಹೊತ್ತಿಗೆ ಬಾರ್ಲಿ ಮಾಲ್ಟಿನ ಸಕ್ಕರೆ ಅಂಟಿ ಬಳೆ ಕಚ್ಚಿಕೊಂಡಿತು. ಕೈಯಿಂದ, ಇಕ್ಕಳದಿಂದ, ಕೊನೆಗೆ ಬೈಗುಳದಿಂದಲೂ ಅದು ಜಗ್ಗಲಿಲ್ಲ. ನನ್ನ ಬೈಗುಳ ಬೇಲಿ ದಾಟಿದ್ದರಿಂದ ಲಾವರ್ನ್ ಬಂದ. ಆ ನಡುಗುವ ಕೈಯನ್ನು ಬಳೆಯ ಮೇಲಿಟ್ಟ. ಅವನ ಬೆರಳು ಅದನ್ನು ತಾನಾಗಿಯೇ ಆಚೀಚೆ ಅಲುಗಿಸಿತು, ಅದನ್ನು ಬಿಗಿದಿಟ್ಟಿದ್ದ ಒಳಗಿನ ಸಣ್ಣ ಉಕ್ಕಿನ ಗುಂಡುಗಳು ಸಡಿಲಾದವು, ಕಪ್ಲಿಂಗು ಕಳಚಿ ಅವನ ಅಂಗೈಗೆ ಬಂತು. ತಿರುಗಿ ಕೂಡಿಸಿದ, ಅದೇ ನಡುಕಕ್ಕೆ ಅದು ಕುಲುಕಿಕೊಂಡು ಸಲೀಸಾಗಿ ಕೂತಿತು. "ನಿನ್ ಕೈ ತುಂಬಾ ನೆಟ್ಟಗಿದೆ ಕಣೋ ಡ್ವೇನ್, ಅದೇ ನಿನ್ ರೋಗ" ಎಂದು ನಕ್ಕ. ಅವನು ಹಾಗೆ ನಕ್ಕದ್ದನ್ನು ನೋಡಿ ಎರಡು ವರ್ಷವಾಗಿತ್ತು; ನನಗೆ ಬಹಳ ಸಂತೋಷವಾಯಿತು, ಬಹಳ ಅವಮಾನವೂ ಆಯಿತು.

ಆದಕಾರಣ ಮಾನ್ಯರಲ್ಲಿ ನನ್ನ ವಿನಂತಿ: ಮುಂದಿನ ಮುದ್ರಣದಲ್ಲಿ "ಕೈ ನಡುಗದವರು ಪರಿಣತರ ನೆರವಿಲ್ಲದೆ ಬಳಸಬಾರದು" ಎಂಬ ಎಚ್ಚರಿಕೆ ಸೇರಿಸಬೇಕು; ಹದಿನೇಳನೆಯ ಪುಟದ ಮಹನೀಯರಿಗೆ ಸನ್ಮಾನಪೂರ್ವಕ ನಿವೃತ್ತಿ ಕೊಟ್ಟು ಅಲ್ಲಿ ಲಾವರ್ನನ ಚಿತ್ರ ಹಾಕಬೇಕು; ಚಿತ್ರ ತುಸು ಅಲುಗಾಡಿ ಬಂದರೆ ಛಾಯಾಗ್ರಾಹಕರ ಸಂಬಳ ಹಿಡಿಯಬಾರದು.

ಕಳೆದ ಶನಿವಾರ ಅವನು ಮೂವತ್ತೆರಡನೆಯ ಪೀಪಾಯಿ ತಂದಿಟ್ಟ. ಅದೇ ಮೂರನೆಯ ಮಾದರಿಯ ಕಪ್ಲಿಂಗು ಹಾಕಿ ಪೈಪೆಲ್ಲ ಅವನೇ ಜೋಡಿಸಿದ್ದ, ಹೆಸರಿನ ಚೀಟಿಯನ್ನೂ ಅವನೇ ಬರೆದಿದ್ದ. ಆ ಅಕ್ಷರ ಹದಿಮೂರು ಮಂದಿಯಲ್ಲಿ ಒಬ್ಬರಿಗೂ ಓದಲಾಗಲಿಲ್ಲ. ಈ ಪೀಪಾಯಿ ಯಾರದೆಂದು ಒಬ್ಬರೂ ಕೇಳಲೂ ಇಲ್ಲ.

ತಮ್ಮ ವಿಶ್ವಾಸಿ,
ಎರಡು ಕೈಯೂ ನೆಟ್ಟಗಿರುವ ನತದೃಷ್ಟ,
ಡ್ವೇನ್ ವೊಯ್ಟಾ

ತಾ.ಕ.: ಬಿಳಿ ಅಂಗಿಯ ಮಹನೀಯರು ನಮ್ಮ ಗ್ಯಾರೇಜಿಗೆ ಬಂದು ತಮ್ಮ ವಿದ್ಯೆ ತೋರಿಸುವುದಾದರೆ ಬ್ರಾಟ್‌ವುರ್ಸ್ಟ್ ಸಾಸೇಜು ಸುಟ್ಟು ಸ್ವಾಗತಿಸುತ್ತೇವೆ. ಎಡಗೈ ಜೇಬಿನಲ್ಲೇ ಇರಲಿ. ಅಂಗಿ ಮಾತ್ರ ಇನ್ನೊಂದು ತರಲಿ.