ಮಾವನವರ ಕ್ಯಾಸೆಟ್ಟಿನ ಮೇಲೆ ಮೂರು ಹೆವಿ ಮೆಟಲ್ ಆಲ್ಬಮ್ಮುಗಳು

ಆ ಸೋಮವಾರ ಬೆಳಿಗ್ಗೆ ಕಾರಿನಲ್ಲಿ ಕೂತಾಗ ಅಮರೇಶ್ವರ ಮಾಡಿದ ಸಂಕಲ್ಪ ಸಣ್ಣದೇನೂ ಆಗಿರಲಿಲ್ಲ. ಹೆವಿ ಮೆಟಲ್ ಸಂಗೀತದ ಬಗ್ಗೆ ಈ ಭೂಮಂಡಲದಲ್ಲಿ ಇದುವರೆಗೆ ಯಾರೂ ಆಡಿರದ ಮಾತುಗಳನ್ನು, ಅದೂ ಅಚ್ಚ ಸಿಂಧನೂರಿನ ಕನ್ನಡದಲ್ಲಿ, ಆಡಿಯೇ ತೀರುವುದು!

ಎರಡು ಸಾವಿರದ ಇಸವಿಯ ಫೆಬ್ರುವರಿ. ಅವನ ಎದೆ ಒಂದು ತಿಂಗಳಿಂದ ಎರಡು ಅಂಗುಲ ಹಿಗ್ಗಿಯೇ ಇತ್ತು. ಇಸವಿ ಬದಲಾದಾಗ ಪ್ರಪಂಚದ ಕಂಪ್ಯೂಟರುಗಳೆಲ್ಲ ಮುಗ್ಗರಿಸುತ್ತವೆ ಎಂದು ಜನ ನೀರಿನ ಬಾಟಲಿ ಕೂಡಿಟ್ಟಿದ್ದರಲ್ಲ, ಆಗ ಒಂದು ವಿಮಾ ಕಂಪನಿಯ ಹಳೆಯ ದಾಖಲೆಗಳನ್ನೆಲ್ಲ ಜೋಪಾನವಾಗಿ ಈಚೆ ದಾಟಿಸಿದವನು ಇವನು. ಒಂದೇ ಒಂದು ದಾಖಲೆ ಅಳಿಸಿ ಹೋಗಿರಲಿಲ್ಲ. ಮ್ಯಾನೇಜರ್ ಎಲ್ಲರೆದುರು ಕೈ ಕುಲುಕಿದ್ದ. “ನನ್ನ ಕೈಗೆ ಬಂದದ್ದು ಯಾವತ್ತೂ ಕಳದು ಹೋಗಂಗಿಲ್ಲ” ಎಂದು ಅಮರೇಶ್ವರ ಹೆಂಡತಿ ಸೌಜನ್ಯಾಳಿಗೆ ಮೂರು ಸಲ ಹೇಳಿದ್ದ. ಮೂರನೆಯ ಸಲ ಅವಳು ಎದ್ದು ಕುಕ್ಕರ್ ನೋಡಲು ಹೋಗಿದ್ದಳು.

ರಾಯಚೂರಿನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಅವನಿಗೆ ಈ ಸಂಗೀತದ ಹುಚ್ಚು ಹಿಡಿಸಿದವನು ಬಾಲು. ಈಗ ಇಬ್ಬರೂ ಪರದೇಶದಲ್ಲಿ, ಬಾಲು ದೂರದ ಮಿನೆಸೋಟಾದಲ್ಲಿ. ಹೊಸ ಆಲ್ಬಮ್ಮುಗಳು ಬಂದಾಗಲೆಲ್ಲ ಅಮರೇಶ್ವರ ಒಂದು ವಾರ ಕೇಳಿ, ತನ್ನ ಅಭಿಪ್ರಾಯವನ್ನು ಕ್ಯಾಸೆಟ್ಟಿನಲ್ಲಿ ಮಾತಾಡಿ ಅವನಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಇ-ಮೇಲ್ ಮಾಡಬಹುದಿತ್ತು. ಆದರೆ ಇ-ಮೇಲಿನಲ್ಲಿ ಘರ್ಜಿಸಲು ಬರುವುದಿಲ್ಲ!

ಓಲ್ಡ್ ಬ್ರಿಡ್ಜ್ ಎಂಬ ಊರಿನ ಮನೆಯಿಂದ ಹಿಲ್ಸ್‌ಬರೋದ ಆಫೀಸಿಗೆ ಮುಕ್ಕಾಲು ಗಂಟೆ ಡ್ರೈವ್. ಪಕ್ಕದ ಸೀಟಿನಲ್ಲಿ ಟೇಪ್ ರೆಕಾರ್ಡರ್. ಖಾಲಿ ಕ್ಯಾಸೆಟ್ಟುಗಳು ಮುಗಿದಿದ್ದರಿಂದ ಆವತ್ತು ಟೀವಿಯ ಕೆಳಗಿನ ಡ್ರಾಯರಿನಲ್ಲಿ ಕೈಯಾಡಿಸಿ ಒಂದನ್ನು ತಂದಿದ್ದ. ಅದರ ಮೇಲಿನ ಚೀಟಿಯಲ್ಲಿ ಮಸಿಯೆಲ್ಲ ಮಾಸಿ ‘ಸೌ’ ಎಂಬ ಒಂದೇ ಅಕ್ಷರ ಉಳಿದಿತ್ತು. ‘ಸೌಂಡ್ ಟೆಸ್ಟ್ ಇರಬೇಕು’ ಎಂದುಕೊಂಡ ನಮ್ಮ ದಾಖಲೆ ರಕ್ಷಕ, ಪೂರ್ತಿ ಹಿಂದಕ್ಕೆ ಸುತ್ತುವ ಗೋಜಿಗೂ ಹೋಗದೆ ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿದ. ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ರಸ್ಟ್ ಕೆಥೀಡ್ರಲ್, ವಿಂಟರ್ ಆನ್ವಿಲ್, ಬ್ಲೈಂಡ್ ಫರ್ನೆಸ್ ಎಂಬ ಮೂರು ತಂಡಗಳ ಹೊಸ ಆಲ್ಬಮ್ಮುಗಳು ಅವನ ಬಾಯಲ್ಲಿ ನುರಿದು ಹಿಟ್ಟಾದವು. ಮನೆಗೆ ಬಂದವನೇ ರೆಕಾರ್ಡರನ್ನು ಟೀವಿಯ ಪಕ್ಕ ಇಟ್ಟ. ಶನಿವಾರ ಅಂಚೆಗೆ ಹಾಕಿದರಾಯಿತು.

ಶನಿವಾರ ಅವನ ಮಾವ ತಿಪ್ಪಣ್ಣ ಮಾಸ್ತರರ ಎರಡನೆಯ ವರ್ಷದ ಸ್ಮರಣೆ. ಅತ್ತೆ ರುದ್ರಮ್ಮ ಗಂಗಾವತಿಯಿಂದ ಬಂದು ಮೂರು ವಾರವಾಗಿತ್ತು. ಫೋಟೋಕ್ಕೆ ಹೂವು, ವಿಭೂತಿ, ಮುಂದೆ ಹೋಳಿಗೆಯ ಎಡೆ. ಹಿಲ್ಸ್‌ಬರೋದಿಂದ ಹಿರಿಯರಾದ ಸಿದ್ದಲಿಂಗಯ್ಯನವರೂ ಬಂದಿದ್ದರು.

“ಅಪ್ಪಾಜಿ ನನ್ನ ಮದುವಿ ಆದ ವರ್ಷ ಒಂದು ಕ್ಯಾಸೆಟ್ ಮಾತಾಡಿ ಕಳಿಸಿದ್ರು, ಅಂಕಲ್. ಕಡೀಕ ವಚನಾನೂ ಹಾಡ್ಯಾರ. ಅವರ ದನಿ ಅಂತ ಇರೋದು ಅದೊಂದೇ” ಎಂದು ಸೌಜನ್ಯಾ ಡ್ರಾಯರ್ ತೆರೆದಳು. ಇರಲಿಲ್ಲ. ಹುಡುಕುತ್ತ ರೆಕಾರ್ಡರಿನ ಮುಚ್ಚಳ ತೆಗೆದಳು. “ಇಲ್ಲೇ ಐತಲ್ಲ! ಅವ್ವಾ, ನೀ ಆಗ್ಲೇ ಹಾಕ್ಕೊಂಡು ಕೇಳಿದೇನು?”

ಅಮರೇಶ್ವರನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ‘ಸೌ’ ಎಂದರೆ ಚಿರಂಜೀವಿ ಸೌಭಾಗ್ಯವತಿ ಸೌಜನ್ಯಾ! ಲೋಟ ಇಡಲು ಜಾಗ ಹುಡುಕಿದ. ಅಷ್ಟರಲ್ಲಿ ಕ್ಯಾಸೆಟ್ಟು ಮೊದಲಿನಿಂದ ತಿರುಗಿತು.

“ಮಗಳ, ಸೌಜನ್ಯಾ... ಇಲ್ಲೆ ಎಲ್ಲಾರೂ ಆರಾಮ ಅದೀವಿ. ನಿಮ್ಮವ್ವ ಬಾಜೂಕ ಕುಂತಾಳ. ಅಲ್ಲೆ ಹಿಮಾ ಬೀಳತೈತಂತ. ನೀ ಹೊರಗ ಹೋಗುಮುಂದ...”

ರುದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಿದ್ದಲಿಂಗಯ್ಯನವರು ಕಣ್ಣು ಮುಚ್ಚಿ ಕೈ ಮುಗಿದರು. ‘ಟಕ್’ ಎಂದಿತು.

“ಲೇ ಬಾಲೂ! ಕೇಳಲೇ ಮಗನಾ! ಈ ಡ್ರಮ್ ಬಾರಿಸಾವನ ಹಿಂದ ಯಾರೋ ಹುಚ್ಚನಾಯಿ ಬಿಟ್ಟಾರಲೇ! ಗಿಟಾರಿನವ ಬ್ಯಾರೆ ಗಿರಣಿ ಚಾಲೂ ಮಾಡ್ಯಾನ! ಹಾಡಾವ ಹೆಂಗ ಅಂತಾನ ಗೊತ್ತೇನು? ಘ್ರಾಆಆಆಹ್!”

ಸಿದ್ದಲಿಂಗಯ್ಯನವರು ಕಣ್ಣು ತೆರೆಯದೆ ಮೆಲ್ಲಗೆ ಕೇಳಿದರು, “ಇದು ಯಾವ ಶರಣರದ್ದಮ್ಮಾ?”

ಸೌಜನ್ಯಾ ಟೇಪು ನಿಲ್ಲಿಸಿದಳು. ಮಗ್ಗುಲು ಬದಲಿಸಿದಳು. ಅಲ್ಲಿಯೂ ಗಂಡನೇ! ಅವಳು ಅವನತ್ತ ತಿರುಗಿದಾಗ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ.

“ಪೂರಾ?”

“ಪೂರಾ” ಎಂದ ಅಮರೇಶ್ವರ.

ಮರುದಿನವೇ ಅವನು ಕ್ಯಾಸೆಟ್ಟನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಮ್ಯಾನ್‌ಹಟನ್ನಿಗೆ ಓಡಿದ. ಅಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುವ ಇಮ್ರಾನ್ ಎಂಬ ಬಳ್ಳಾರಿಯವನೊಬ್ಬನಿದ್ದ. ಇಮ್ರಾನ್ ಎರಡೂ ಮಗ್ಗುಲು ಕೇಳಿದ. ಘರ್ಜನೆ ಬಂದಲ್ಲೆಲ್ಲ ಅಮರೇಶ್ವರನ ಮುಖ ನೋಡಿದ.

“ಸರ್, ಇದರ ಕೆಳಗೆ ಏನೂ ಉಳಿದಿಲ್ಲ.”

“ಸ್ವಲ್ಪನಾದ್ರೂ? ನಮ್ಮ ಆಫೀಸಿನ್ಯಾಗ ಅಳಿಸಿದ ಫೈಲೂ ವಾಪಸ್ ತರತೀವಿ ನಾವು.”

“ಅದು ಫೈಲು ಸರ್. ಇದು ಒಬ್ಬರ ಮಾತು” ಎಂದ ಇಮ್ರಾನ್, ಕ್ಯಾಸೆಟ್ಟನ್ನು ಎರಡೂ ಕೈಯಿಂದ ಹಿಂತಿರುಗಿಸುತ್ತ.

ಮನೆಯಲ್ಲಿ ನಾಲ್ಕು ದಿನ ಅನ್ನ ಬಡಿಸುವ ಸೌಟಿನ ಸದ್ದಷ್ಟೇ. ಬಾಲು ಫೋನ್ ಮಾಡಿ “ಎಲ್ಲಲೇ ನಿನ್ನ ಅಭಿಪ್ರಾಯ?” ಎಂದರೆ ಅಮರೇಶ್ವರ ಫೋನಿಟ್ಟುಬಿಟ್ಟ. ಕಾರಿನಲ್ಲಿ ಸಂಗೀತ ಹಾಕಲು ಕೈ ಬರಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಇನ್ನೂ ಒಂದಿತ್ತು. ಯಾರೋ ಅರಚುವುದನ್ನು ಒಂದು ವಾರ ಕೇಳಿ ತೂಗಿ ನೋಡುವ ಅವನು, ಐದು ವರ್ಷ ಮನೆಯಲ್ಲೇ ಇದ್ದ ಆ ಕ್ಯಾಸೆಟ್ಟನ್ನು ಒಂದು ಸಲವೂ ಕೇಳಿರಲಿಲ್ಲ. ಮಾವನವರು ಏನು ಹೇಳಿದ್ದರೆಂದೇ ಅವನಿಗೆ ಗೊತ್ತಿರಲಿಲ್ಲ.

ಗುರುವಾರ ಸಂಜೆ ಅವನು ಬೂಟು ಬಿಚ್ಚುತ್ತಿದ್ದಾಗ ರುದ್ರಮ್ಮ ಎದುರಿಗೆ ಬಂದು ಕುಳಿತರು.

“ಅಮರೇಶಪ್ಪಾ, ಆ ಕ್ಯಾಸೆಟ್ ಹಾಕ್ರಿ.”

“ಅತ್ತೀ... ಅದರಾಗ ಏನೈತಿ ಈಗ...”

“ನೀವದೀರಲ್ಲ. ನಮ್ಮವರ ಮಾತು ಅಳಿಸಿ ಅಂಥಾದ್ದೇನು ಹೇಳೀರಿ, ಕೇಳೇಬಿಡೋಣ.”

ಒಂದೂವರೆ ತಾಸು! ಅಮರೇಶ್ವರ ಅಪರಾಧಿಯಂತೆ ತಲೆ ತಗ್ಗಿಸಿ ತನ್ನ ವಾಣಿಯನ್ನು ತಾನೇ ಕೇಳಿದ. ಕಾರಿನಲ್ಲಿ ಅಮೃತದಂತಿದ್ದ ಮಾತುಗಳು ಅತ್ತೆಯ ಮುಂದೆ ಹಳಸಿದ ಸಾರಾಗಿದ್ದವು. ಸೌಜನ್ಯಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ರುದ್ರಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡನೆಯ ಮಗ್ಗುಲಿನ ನಡುವೆ ಬ್ಲೈಂಡ್ ಫರ್ನೆಸ್ಸಿನ ಸರದಿ ಬಂತು.

“ಬಾಲೂ, ಈ ಹಾಡಾವನ ದನಿ ಎಲ್ಲೋ ಕೇಳೀನಲ್ಲ ಅಂತ ಒಂದು ವಾರ ತಲಿ ಕೆರಕೊಂಡೆ. ನಿನ್ನೆ ಹೊಳೀತು ನೋಡು. ನಮ್ಮ ಮಾವನವರು ದಿನಾ ಮುಂಜಾನಿ ಬಚ್ಚಲದಾಗ ನಿಂತು ಗಂಟಲು ಸರಿ ಮಾಡಿಕೊಂತಿದ್ರಲೇ, ಥೇಟ್ ಅದೇ! ಖ್ಖ್ರಾಆಆ... ಹ್ಹಾಕ್! ಇಡೀ ಓಣಿ ಎದ್ದು ಕುಂದರತಿತ್ತು! ಮದುವ್ಯಾದ ಮರುದಿನ ನಾ ಭೂಕಂಪ ಅಂತ ಹೊರಗ ಓಡಿದ್ದೆ!”

ಅಮರೇಶ್ವರ ಟೇಪು ನಿಲ್ಲಿಸಲು ಜಿಗಿದ. ರುದ್ರಮ್ಮ ಅವನ ಕೈ ಹಿಡಿದರು.

“ಹಿಂದಕ್ಕ ಹಾಕ್ರಿ.”

“ಅತ್ತೀ, ತಪ್ಪಾತು...”

“ಹಿಂದಕ್ಕ ಹಾಕ್ರಿ ಅಂದೆ.”

ಮತ್ತೊಮ್ಮೆ ‘ಖ್ಖ್ರಾಆಆ... ಹ್ಹಾಕ್!’ ರುದ್ರಮ್ಮನ ಹೆಗಲು ಅಲುಗಿತು. ಅಳುತ್ತಿದ್ದಾರೆಂದುಕೊಂಡ. ಅಳುತ್ತಲೂ ಇದ್ದರು, ಆದರೆ ಅದರೊಳಗೆ ನಗು ಉಕ್ಕುತ್ತಿತ್ತು. “ಬರೋಬ್ಬರಿ ಅವರೇ! ನಲವತ್ತೆರಡು ವರ್ಷ ಇದನ್ನ ಕೇಳಿ ಎದ್ದಾಕಿ ನಾನು. ಎರಡು ವರ್ಷಾತು, ಬೆಳಗಾದದ್ದೇ ತಿಳಿಯಂಗಿಲ್ಲ.” ಸೌಜನ್ಯಾ ಬಂದು ತಾಯಿಯ ಪಕ್ಕ ಕುಸಿದು ಕುಳಿತಳು. ಅವಳೂ ಅತ್ತು ನಕ್ಕಳು. ಗಂಡನ ಕಡೆ ಮಾತ್ರ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಮರೇಶ್ವರ ಕೇಳಿದ, “ಅತ್ತೀ, ಮಾವನವರು ಅದರಾಗ ಏನೇನು ಹೇಳಿದ್ರು?”

“ಬಾಜೂಕ ಕುಂತಾಕಿ ನಾನೇ. ಎಲ್ಲಾ ಬಾಯಿಪಾಠ ಐತಿ. ಹೊಸಾ ಕ್ಯಾಸೆಟ್ ತರ್ರಿ.”

ಭಾನುವಾರ ರುದ್ರಮ್ಮ ಫೋಟೋದ ಮುಂದೆ ಕುಳಿತು ಹೇಳಿದರು. ಹಿಮದಲ್ಲಿ ಹೊರಗೆ ಹೋಗುವಾಗ ಮಗಳು ಕಿವಿ ಕಟ್ಟಿಕೊಳ್ಳಬೇಕು. ಎಮ್ಮೆ ಹೆಣ್ಣುಗರು ಹಾಕಿದೆ. ಅಳಿಯ ಮಾತು ಜಾಸ್ತಿಯವನಾದರೂ ಮನಸ್ಸು ಒಳ್ಳೆಯದು, ಅವನಿಗೆ ಎದುರಾಡಬೇಡ. ಇದನ್ನು ಕೇಳಿ ಅಮರೇಶ್ವರ ಮೈಕನ್ನು ಅತ್ತೆಯ ಹತ್ತಿರಕ್ಕೆ ಇನ್ನಷ್ಟು ಸರಿಸಿದ. ತನ್ನ ದನಿ ಮತ್ತೆ ಟೇಪಿಗೆ ಬೀಳದಂತೆ ತುಟಿ ಬಿಗಿದುಕೊಂಡ. ಕೊನೆಗೆ ತಾಯಿ ಮಗಳು ಸೇರಿ ವಚನ ಹಾಡಿದರು.

ಮುಗಿದ ಮೇಲೂ ಅವನು ತುಟಿ ಬಿಗಿದುಕೊಂಡೇ ಕುಳಿತಿದ್ದ. ಸೌಜನ್ಯಾ ಕ್ಯಾಸೆಟ್ಟನ್ನು ಹೊರತೆಗೆದು, ಚಾಕುವಿನ ತುದಿಯಿಂದ ಅದರ ಬೆನ್ನಿನ ಮೇಲಿದ್ದ ಎರಡು ಪ್ಲಾಸ್ಟಿಕ್ ಚೂರುಗಳನ್ನು ಚಕ್ ಚಕ್ ಎಂದು ಮುರಿದು ಹಾಕಿದಳು. ಅವನ್ನು ಮುರಿದ ಕ್ಯಾಸೆಟ್ಟಿನ ಮೇಲೆ ಬ್ರಹ್ಮ ಬಂದರೂ ಇನ್ನೊಂದು ಮಾತು ತುಂಬಲಾರ.

ರುದ್ರಮ್ಮ ಅದನ್ನು ಕೈಗೆ ತೆಗೆದುಕೊಂಡು, ಬೆರಳಾಡಿಸಿ, ಎರಡೂ ಮುರಿದಿವೆಯೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಅಳಿಯನ ಕಡೆ ತಿರುಗಿದರು.

“ಹೂಂ, ಅಮರೇಶಪ್ಪಾ. ಇನ್ನ ಮಾತಾಡ್ರಿ. ಈಗ ಅಂಜಿಕಿ ಇಲ್ಲ.”