ಅಂಗಡಿಗೂ ಬೇಸಿಗೆ ರಜೆ

ನಮ್ಮ ದೊಡ್ಡಪ್ಪನಿಗೆ ತಲೆ ಕೆಟ್ಟಿದೆ ಎಂದು ಮಂಡಿ ಮೊಹಲ್ಲಾದ ಅರ್ಧ ಬೀದಿ ಹೇಳುತ್ತದೆ. ನಾನು ಮಾತ್ರ ಒಪ್ಪುವುದಿಲ್ಲ. ತಲೆ ಕೆಟ್ಟಿದ್ದರೆ ಔಷಧಿ ಕೊಡಿಸಬಹುದಿತ್ತು! ಇದು ಹಟ. ಇದಕ್ಕೆ ಯಾವ ಮೆಡಿಕಲ್ ಸ್ಟೋರಿನಲ್ಲೂ ಮಾತ್ರೆ ಸಿಗುವುದಿಲ್ಲ.

ದೊಡ್ಡಪ್ಪನದು ಹಗ್ಗ, ಗೋಣಿಚೀಲ, ಸುತಲಿ ದಾರ, ಟಾರ್ಪಾಲಿನ ಸಗಟು ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದರೆ ರಾತ್ರಿಯವರೆಗೆ ಗೋಣಿಗಳ ನಡುವೆ ಇನ್ನೊಂದು ಗೋಣಿಯಂತೆ ಕೂತಿರುತ್ತಿದ್ದರು. ಊಟದ ಕ್ಯಾರಿಯರ್ ಮನೆಯಿಂದ ಅಲ್ಲಿಗೇ ಹೋಗುತ್ತಿತ್ತು. ಭಾನುವಾರ? ಅರ್ಧ ಬಾಗಿಲು. ಹಬ್ಬ? ಪೂಜೆ ಮುಗಿಸಿ ಅರ್ಧ ಬಾಗಿಲು. ಸ್ವಂತ ಮಗನ ಮದುವೆಯಲ್ಲೂ ಧಾರೆ ಮುಗಿದು ಎಲೆ ಹಾಕುವ ಹೊತ್ತಿಗೆ ಮನುಷ್ಯ ಮಾಯ! ಹುಡುಕಿಕೊಂಡು ಹೋದರೆ ರೇಷ್ಮೆ ಪಂಚೆ, ಪೇಟದಲ್ಲೇ ಯಾರಿಗೋ ಹಗ್ಗ ಅಳೆದು ಕೊಡುತ್ತಿದ್ದರು.

ಹಾಗಂತ ಅವರಿಗೆ ಊರುಗಳು ಗೊತ್ತಿಲ್ಲ ಎಂದಲ್ಲ. ಎಲ್ಲ ಗೊತ್ತು, ಸರಕಿನ ಲೆಕ್ಕದಲ್ಲಿ.

"ಪಿರಿಯಾಪಟ್ಟಣ ಹೇಗಿದೆ ದೊಡ್ಡಪ್ಪ?"

"ಹೊಗೆಸೊಪ್ಪಿನೋರು. ಸುತಲಿ ಜಾಸ್ತಿ ಹೋಯ್ತದೆ."

"ಮಂಗಳೂರು?"

"ನೈಲಾನ್ ಹಗ್ಗ."

"ಅಲ್ಲಿ ಸಮುದ್ರ ಇದೆ ದೊಡ್ಡಪ್ಪ!"

"ಅದಕ್ಕೇ ಕಣವ್ವ ನೈಲಾನು. ಸೆಣಬು ಕೊಳೆತೋಯ್ತದೆ."

ಇಂಥ ಮನುಷ್ಯ ಈ ಸಲ ಯುಗಾದಿ ಮುಗಿದದ್ದೇ ತಡ, ಅಂಗಡಿಯ ಮುಂದೆ ಒಂದು ಬೋರ್ಡ್ ತೂಗುಹಾಕಿದರು. "ಮೇ ತಿಂಗಳು ಪೂರ್ತಿ ಬೇಸಿಗೆ ರಜೆ. ಜೂನ್‌ನಲ್ಲಿ ಬನ್ನಿ."

ಮೇ ತಿಂಗಳು! ಮದುವೆಗಳ ಕಾಲ, ಚಪ್ಪರಗಳ ಕಾಲ, ಮಳೆಗೆ ಮುಂಚೆ ಊರೆಲ್ಲ ಟಾರ್ಪಾಲು ಕೊಳ್ಳುವ ಕಾಲ! ಬೀದಿಯಲ್ಲಿ ಗುಸುಗುಸು ಶುರುವಾಯಿತು. ಅಂಗಡಿ ಮಾರಿದ್ದಾರಂತೆ, ದಿವಾಳಿಯಂತೆ, ಸನ್ಯಾಸವಂತೆ. ಪಕ್ಕದ ಬೆಲ್ಲದ ಮಂಡಿಯವರು ಬಂದು ದೊಡ್ಡಪ್ಪನ ಕೈ ಹಿಡಿದು ಸಮಾಧಾನ ಹೇಳಿ ಹೋದರು. ಯಾವುದಕ್ಕೆ ಸಮಾಧಾನ ಎಂದು ಅವರಿಗೂ ಗೊತ್ತಿರಲಿಲ್ಲ!

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರ ಮಗ ಓಡಿಬಂದ. "ಅಪ್ಪಾ, ಸೀಸನ್‌ನಲ್ಲಿ ಯಾರಾದ್ರೂ ಅಂಗಡಿ ಮುಚ್ತಾರಾ? ಬೇಕಾದ್ರೆ ನಾನು ರಜ ಹಾಕಿ ಕೂತ್ಕೋತೀನಿ."

"ರಜ ಹಾಕಿ ಕೆಲ್ಸ ಮಾಡ್ತೀಯಾ? ಅಂಥ ರಜ ನಂಗೂ ಗೊತ್ತು ಕಣೋ. ಜೀವ್ನ ಪೂರ್ತಿ ಅದ್ನೇ ಮಾಡಿವ್ನಿ."

"ಆದ್ರೂ ಇದ್ದಕ್ಕಿದ್ದಂಗೆ ಯಾಕೆ?"

"ಇಸ್ಕೂಲ್‌ಗೆ ರಜ, ಕೋರ್ಟಿಗೆ ರಜ. ಜೈಲಿಗೋಗೋನ ಕೇಸೇ ರಜ ಮುಗಿಯೋಗಂಟ ಕಾಯ್ತದಂತೆ. ನನ್ನ ಸುತಲಿ ಅದಕ್ಕಿಂತ ಅರ್ಜೆಂಟಾ?"

ಮಗ ಬಂದ ದಾರಿ ಹಿಡಿದ. ಆದರೆ ಶಾಮಿಯಾನದವನು ಬಿಡಬೇಕಲ್ಲ? ಅವನು ದೊಡ್ಡ ಗಿರಾಕಿ, ಹಳೆಯ ಗಿರಾಕಿ. "ಯಜಮಾನ್ರೇ, ಮದುವೆ ಟೈಮಲ್ಲಿ ಕೈ ಬುಟ್ಬುಟ್ರೆ ನಾನು ಬೇರೆ ಅಂಗ್ಡಿ ನೋಡ್ಕೋತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ" ಎಂದ.

"ನೋಡ್ಕೊ. ಎದುರುಗಡೆನೇ ಐತೆ. ನನ್ನೆಸ್ರು ಹೇಳು, ಕಡ್ಮೆ ಮಾಡ್ಕೊಡ್ತಾನೆ."

ಅವನು ನಿಜಕ್ಕೂ ಹೋದ! ಅವನು ರಸ್ತೆ ದಾಟಿ ಎದುರಿನ ಅಂಗಡಿಯ ಮೆಟ್ಟಿಲು ಹತ್ತುವವರೆಗೂ ದೊಡ್ಡಪ್ಪ ನೋಡುತ್ತಾ ನಿಂತರು. ಮುಖ ಸಣ್ಣಗಾಗಿತ್ತು. ಆಮೇಲೆ ಕೈ ಬೋರ್ಡಿನ ಕಡೆ ಹೋಯಿತು. ಸರಿ, ತೆಗೆದುಬಿಡುತ್ತಾರೆ ಎಂದುಕೊಂಡೆ. ಸ್ವಲ್ಪ ಓರೆಯಾಗಿತ್ತಂತೆ. ನೆಟ್ಟಗೆ ಮಾಡಿದರು!

ಇನ್ನು ಅವರ ತಂಗಿಯರ ಕಥೆ. ಮೂರು ಜನ. ಮಂಗಳೂರು, ಚಿಕ್ಕಮಗಳೂರು, ತಿಪಟೂರು. ಪ್ರತಿ ದಸರೆಗೂ ಮಕ್ಕಳುಮರಿ ಕಟ್ಟಿಕೊಂಡು ಅಣ್ಣನ ಮನೆಗೆ ಬಂದಿಳಿಯುತ್ತಾರೆ. ಅಣ್ಣ ಮಾತ್ರ ಒಬ್ಬಳ ಮನೆಯ ಹೊಸ್ತಿಲನ್ನೂ ನೋಡಿದವರಲ್ಲ. ಈಗ ಒಬ್ಬೊಬ್ಬರಿಗೂ ಫೋನ್ ಮಾಡಿ, "ಬರ್ತಾ ಇವ್ನಿ, ವಾರ ಇರ್ತೀನಿ" ಎಂದರೆ ಏನಾಗಬೇಕು? ಮಂಗಳೂರಿನವಳು ಫೋನಿನಲ್ಲೇ ಗೊಳೋ ಎಂದು ಅಳಲು ಶುರುಮಾಡಿದಳು.

"ನಿಜ ಹೇಳಣ್ಣ, ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು?"

"ಎಲ್ರುನ್ನೂ ನೋಡ್ಕೊಂಡು ಬರಕ್ಕೆ ಹೊರಟಿದ್ದೀಯ. ನಮ್ಮತ್ರ ಮುಚ್ಚಿಡಬೇಡ."

"ಅಯ್ಯೋ ನಿನ್ನ! ಬದುಕಿರೋನು ತಂಗಿ ಮನೆಗೆ ಬರಬಾರ್ದೇನೆ? ಸಾಯಕ್ಕೆ ನಂಗೆ ಟೈಮೆಲ್ಲೈತೆ? ಮೇ ಫುಲ್!"

ತಂಗಿಯರಿಗೆ ನಂಬಿಕೆ ಬಂದದ್ದು ದೊಡ್ಡಪ್ಪ ಈಜು ಕಲಿಯುತ್ತಿರುವ ಸುದ್ದಿ ತಲುಪಿದ ಮೇಲೆ. ಹೌದು, ಈಜು! ಎಪ್ಪತ್ತರ ಹತ್ತಿರ! "ಸಮುದ್ರದವರ್ಗೂ ಹೋಗಿ ದಡದಲ್ಲಿ ಕಾಲು ನೆನೆಸ್ಕೊಂಡು ಬರೋನಲ್ಲ ನಾನು" ಎಂದು ಏಪ್ರಿಲ್‌ನಲ್ಲೇ ಈಜುಕೊಳಕ್ಕೆ ಸೇರಿಕೊಂಡರು. ಈಜುವ ಚಡ್ಡಿ ಕೊಡಿಸಲು ಹೋದವಳು ನಾನು. ಬೆಲೆ ಕೇಳಿ ಅಂಗಡಿಯವನನ್ನು ದುರುಗುಟ್ಟಿ ನೋಡಿದರು. "ಇಷ್ಟಗಲ ಬಟ್ಟೆಗೆ ಇಷ್ಟೊಂದಾ? ಈ ದುಡ್ಡಿಗೆ ಲಾರಿ ಮುಚ್ಚೋ ಟಾರ್ಪಾಲ್ ಕೊಡ್ತೀನಿ ನಾನು!"

ಮೊದಲ ದಿನ ಕೊಳದ ಬಳಿ ಚೀಲದಿಂದ ಒಂದು ಹಗ್ಗದ ಸುರುಳಿ ತೆಗೆದು, ಒಂದು ತುದಿ ತಮ್ಮ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ತರಬೇತುದಾರನ ಕೈಗಿತ್ತರು.

"ಸಾರ್, ಇಲ್ಲಿ ನೀರು ನಿಮ್ಮ ಎದೆಮಟ್ಟಕ್ಕೂ ಬರಲ್ಲ" ಎಂದ ಅವನು, ನಗು ತಡೆದುಕೊಂಡು.

"ಹೆದರ್ಕೋಬ್ಯಾಡ, ಹಿಡ್ಕೊ. ನಮ್ಮಂಗಡಿದೇ. ಕಿತ್ತೋಗಲ್ಲ."

ನಾಚಿಕೆಯಿಂದ ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವರೇನೂ ನಾಚಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಹಗ್ಗ ಬಿಚ್ಚಿ ಕೊಳದ ಅಗಲವನ್ನು ದಾಟಿದರು. ಸದ್ದು ಮಾತ್ರ ಎಮ್ಮೆ ಕೆರೆಗೆ ಇಳಿದಂತಿತ್ತು. ಆದರೆ ದಾಟಿದರು!

ಇದೆಲ್ಲ ನಡೆಯುವಾಗ ದೊಡ್ಡಮ್ಮ ಹೆಚ್ಚು ಮಾತಾಡಲಿಲ್ಲ. "ನೋಡ್ತಾ ಇರು, ಹೊರಡೋ ದಿನ ಶಟರ್ ಎತ್ತುಬುಡ್ತಾರೆ" ಎಂದಷ್ಟೇ ಹೇಳಿ, ನಂಬಿಕೆಯಿಲ್ಲದೆಯೇ ಸೀರೆಗಳನ್ನು ಮಡಿಸಿ ಬ್ಯಾಗಿಗೆ ತುಂಬಿದರು.

ರಜೆಯ ಮೊದಲ ದಿನವೇ ಮಂಗಳೂರಿನ ರಾತ್ರಿ ಬಸ್ಸು. ದಾರಿಗೆಂದು ಚಕ್ಕುಲಿ, ಕೋಡುಬಳೆ ಕೊಡಲು ಬನ್ನಿಮಂಟಪದ ನಮ್ಮ ಮನೆಯಿಂದ ಮಧ್ಯಾಹ್ನವೇ ಹೊರಟೆ. ಅಂಗಡಿಯ ಮುಂದೆ ಗಾಡಿ ನಿಧಾನ ಮಾಡಿದೆ. ಶಟರ್ ಪೂರ್ತಿ ಕೆಳಗಿತ್ತು. ಮನೆಯ ಬಾಗಿಲು ತಳ್ಳಿದೆ. ಗದ್ದಲ ಇರುತ್ತದೆ ಎಂದುಕೊಂಡಿದ್ದೆ. ಒಳಗೆ ಪಿಟ್ಟೆಂಬ ಸದ್ದೂ ಇಲ್ಲ.

ನಡುಮನೆಯಲ್ಲಿ, ಕಟ್ಟಿಟ್ಟ ಬ್ಯಾಗುಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಕೆನ್ನೆಯ ಕೆಳಗೆ ಕೈಯಿಟ್ಟು ದೊಡ್ಡಮ್ಮ ನಿದ್ದೆ ಹೋಗಿದ್ದರು. ಕಿಟಕಿಗೆ ಬೆನ್ನು ಮಾಡಿ ದೊಡ್ಡಪ್ಪ ಬನಿಯನ್ನಿನಲ್ಲಿ ನಿಂತಿದ್ದರು. ಮೈಯೆಲ್ಲ ಬೆವರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಯಾಕೆ ದೊಡ್ಡಪ್ಪ ನಿಂತಿದ್ದೀರಿ?" ಪಿಸುಗುಟ್ಟಿದೆ.

"ಬಿಸ್ಲು ಮುಖಕ್ಕೆ ಬೀಳ್ತಿತ್ತು. ಪರದೆ ಎಳೆದ್ರೆ ಆ ಕಂಬಿ ಕಿರ್ ಅಂತದೆ. ಎದ್ಬುಡ್ತಾಳೆ."

ಅವರ ನೆರಳು ದೊಡ್ಡಮ್ಮನ ಮುಖದ ಮೇಲಿತ್ತು. ಬೀದಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

"ಇವ್ಳು ಮಧ್ಯಾಹ್ನ ಹಿಂಗೆ ಮಲಗ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣವ್ವ" ಎಂದರು. ಆಮೇಲೆ ನಡುಮನೆಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿ, "ಬಿಸ್ಲು ಇಲ್ಲೀಗಂಟ ಬತ್ತದೆ ಅಂತ್ಲೂವೆ."

ಆ ಮನೆ ಕಟ್ಟಿಸಿದವರು ಅವರೇ.

ಕುರ್ಚಿ ತಂದಿಡಲೇ ಎಂದು ಸನ್ನೆ ಮಾಡಿದೆ. ಬೇಡ ಎಂದು ತಲೆಯಾಡಿಸಿದರು. ಕೂತರೆ ನೆರಳು ಗಿಡ್ಡವಾಗುತ್ತಿತ್ತು.